ಫೋನಿನೊಳಗಿನ ಖೋಲಿ ಮತ್ತು ಒಂದು ಸಾಲಿನ ಎಚ್ಚರಿಕೆ

(ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಬರಹರೂಪ)

ಶಿಗ್ಗಾಂವದಿಂದ ಮಾತಾಡ್ತಾ ಇದ್ದೀನಿ. ಇಲ್ಲಿ ಒಂದು ಸಣ್ಣ ಕಂಪ್ಯೂಟರ್ ಕ್ಲಾಸ್ ನಡೆಸ್ತೀನಿ. ಹಗಲೆಲ್ಲ ಟ್ಯಾಲಿ, ಎಕ್ಸೆಲ್, ಕನ್ನಡ ಟೈಪಿಂಗ್. ಅದು ಬಾಡಿಗೆ ಕಟ್ಟೋ ಕೆಲಸ. ಸಂಜೆ ಆರರ ಮೇಲೆ ಐದಾರು ಹುಡುಗ ಹುಡುಗಿಯರು ಕೂತು ಲಿನಕ್ಸ್ ಕಲೀತಾರೆ. ಅದಕ್ಕೆ ಫೀಸು ಇಲ್ಲ, ಚಹಾ ಮಾತ್ರ ಅವರೇ ತರಿಸಬೇಕು.

ಇವತ್ತಿನ ವಿಷಯ ಡಾಕ್ಯುಮೆಂಟೇಶನ್. ಹೆಸರು ಕೇಳಿದ ಕೂಡಲೇ ಬೇರೆ ಎಪಿಸೋಡ್‌ಗೆ ಹೋಗಬ್ಯಾಡ್ರಿ. ಒಂದು ಸಾಫ್ಟ್‌ವೇರ್ ಹೆಂಗ ಹಾಕೋಬೇಕು, ಹೆಂಗ ನಡೆಸಬೇಕು, ಕೆಟ್ಟರೆ ಏನು ಮಾಡಬೇಕು ಅಂತ ಯಾರೋ ಪುಣ್ಯಾತ್ಮರು ಬರೆದಿಟ್ಟಿರ್ತಾರಲ್ಲ, ಆ ಪುಟಗಳು. ಅದರಲ್ಲೂ ನಾನು ಹೇಳೋದು ಒಂದು ಜಾತಿಯ ಪುಟಗಳ ಬಗ್ಗೆ ಮಾತ್ರ: ಒಂದು ಆಪರೇಟಿಂಗ್ ಸಿಸ್ಟಮ್‌ನ ಒಳಗೆ ಇನ್ನೊಂದನ್ನು ಬೇರೆಯಾಗಿ ಕೂರಿಸೋದು ಹೆಂಗ ಅಂತ ಹೇಳೋ ಪುಟಗಳು. ಇವನ್ನು ಬಹುಪಾಲು ಸಂಬಳ ಇಲ್ಲದ ಸ್ವಯಂಸೇವಕರೇ ಬರೀತಾರೆ, ತಿದ್ದುತಾರೆ. ಶಿಗ್ಗಾಂವದ ಹುಡುಗರಿಗೆ ಇದರಿಂದ ಏನಾಗಬೇಕು ಅಂದ್ರೆ, ನನ್ನ ಸಂಜೆ ಕ್ಲಾಸಿನಲ್ಲಿ ಲ್ಯಾಪ್‌ಟಾಪ್ ಇರೋದು ಒಬ್ಬರ ಹತ್ತಿರ. ಉಳಿದವರ ಕಂಪ್ಯೂಟರ್ ಅಂದ್ರೆ ಅವರ ಕೈಯಲ್ಲಿರೋ ಫೋನು, ಅಷ್ಟೇ. ಆ ಫೋನಿನಲ್ಲೇ ಟರ್ಮಕ್ಸ್ ಅನ್ನೋ ಆ್ಯಪ್ ಹಾಕಿ, ಅದರೊಳಗೆ ಡೆಬಿಯನ್ ಲಿನಕ್ಸ್ ಕೂರಿಸಿ, ಅಲ್ಲೇ ಪೈಥಾನ್, ಸಿ, ಗಿಟ್ ಎಲ್ಲ ಕಲೀತಾರೆ. ಪುಟ ಸರಿ ಇದ್ದರೆ ಅರ್ಧ ತಾಸಿನ ಕೆಲಸ. ಪುಟ ತಪ್ಪಿದ್ದರೆ ಆ ದಿನದ ಡೇಟಾ ಪ್ಯಾಕ್ ಮುಗೀತದೆ, ಹುಡುಗ ಮರುದಿನ ಬರೋದಿಲ್ಲ.

ಮೊದಲು ಈ 'ಒಳಗೆ ಕೂರಿಸೋದು' ಅಂದ್ರೆ ಏನು ಅಂತ ಸ್ವಲ್ಪ ಹೇಳ್ತೀನಿ, ಗೊತ್ತಿದ್ದವರು ಎರಡು ನಿಮಿಷ ತಡಕೊಳ್ರಿ. ನಮ್ಮ ಕಡೆ ದೊಡ್ಡ ಮನೆಯಲ್ಲಿ ಒಂದು ಖೋಲಿ ಬಾಡಿಗೆಗೆ ಕೊಡ್ತಾರೆ. ನೀರು ಅದೇ ಟಾಕಿಯದು, ಕರೆಂಟು ಅದೇ ಮೀಟರಿನದು, ಆದರೆ ಬಾಗಿಲು ಬೇರೆ, ಅಡಿಗಿ ಬೇರೆ. ಖೋಲಿಯವರಿಗೆ ಪಡಸಾಲೆಯಲ್ಲಿ ಏನು ನಡೀತದೆ ಅಂತ ಕಾಣಬಾರದು. ಕಂಪ್ಯೂಟರ್‌ನಲ್ಲೂ ಹಂಗೇ. ಒಂದೇ ಯಂತ್ರ, ಕೆಳಗೆ ಒಂದೇ ಕರ್ನಲ್, ಆದರೆ ಒಳಗಿರೋ ಪ್ರೋಗ್ರಾಮ್‌ಗೆ ತಾನೇ ಇಡೀ ಮನೆಯ ಯಜಮಾನ ಅನ್ನೋ ಭಾವನೆ. 1979ರಲ್ಲಿ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿ ಸಿಎಚ್‌ರೂಟ್ ಅಂತ ಬಂತು. 'ಈ ಫೋಲ್ಡರೇ ನಿನ್ನ ಪ್ರಪಂಚ, ಇದರ ಮೇಲೆ ಏನೂ ಇಲ್ಲ' ಅಂತ ಪ್ರೋಗ್ರಾಮ್‌ಗೆ ನಂಬಿಸೋದು ಅದರ ಕೆಲಸ. 2000ದಲ್ಲಿ ಫ್ರೀಬಿಎಸ್‌ಡಿ 4.0 ಬಂದಾಗ ಗೋಡೆ ಗಟ್ಟಿಯಾಯ್ತು, ಹೆಸರೂ ನೇರವಾಗಿ ಜೈಲ್ ಅಂತಲೇ ಇಟ್ಟರು. ಆಮೇಲೆ ಲಿನಕ್ಸ್‌ನಲ್ಲಿ ನೇಮ್‌ಸ್ಪೇಸ್, ಸಿಗ್ರೂಪ್, ಅವುಗಳ ಮೇಲೆ ಎಲ್‌ಎಕ್ಸ್‌ಸಿ, 2013ರಲ್ಲಿ ಡಾಕರ್. ಇವತ್ತು ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕೆಲಸದ ಜಾಹೀರಾತು ನೋಡಿದರೂ ಡಾಕರ್ ಬರುತ್ತಾ ಅಂತ ಕೇಳೇ ಕೇಳ್ತಾರೆ. ನಿಮ್ಮ ಆಂಡ್ರಾಯ್ಡ್ ಫೋನು ಕೂಡ ಇದೇ ಲೆಕ್ಕದ ಮೇಲೆ ನಿಂತಿದೆ. ಪ್ರತಿಯೊಂದು ಆ್ಯಪ್‌ಗೆ ಒಂದೊಂದು ಬೇರೆ ಯೂಸರ್ ನಂಬರ್, ಒಬ್ಬರ ಖೋಲಿಗೆ ಇನ್ನೊಬ್ಬರು ಕೈ ಹಾಕಂಗಿಲ್ಲ.

ಟರ್ಮಕ್ಸ್ ಅಂಥ ಒಂದು ಖೋಲಿ. ಅದರೊಳಗೆ ಪ್ರೂಟ್-ಡಿಸ್ಟ್ರೋ ಅಂತ ಒಂದು ಸಾಧನ ಹಾಕಿಕೊಂಡು 'ಇನ್‌ಸ್ಟಾಲ್ ಡೆಬಿಯನ್' ಅಂದ್ರೆ ಖೋಲಿಯೊಳಗೆ ಇನ್ನೊಂದು ಖೋಲಿ ಆಗ್ತದೆ. ಫೋನ್ ರೂಟ್ ಮಾಡೋದು ಬೇಕಾಗಿಲ್ಲ. ಒಳಗೆ ಹೋದಾಗ ನೀವು ರೂಟ್ ಅಂತ ತೋರಿಸ್ತದೆ, ಆದರೆ ಅದು ನಾಟಕದ ರಾಜನ ಕಿರೀಟ ಇದ್ದಂಗೆ. ಪ್ರೋಗ್ರಾಮ್ ಕರ್ನಲ್‌ಗೆ ಏನಾದರೂ ಕೇಳಿದಾಗಲೆಲ್ಲ ಪ್ರೂಟ್ ನಡುವೆ ನಿಂತು ದಾರಿ ಬದಲಿಸಿ, 'ಹೌದಪ್ಪಾ, ನೀನೇ ರಾಜ' ಅಂತ ಉತ್ತರ ಕೊಡ್ತಿರ್ತದೆ. ಅದಕ್ಕೇ ಸ್ವಲ್ಪ ನಿಧಾನ.

ಈಗ ನಿಜವಾದ ಮಾತಿಗೆ ಬರ್ತೀನಿ. ಹೋದ ವರ್ಷ ಬಂಕಾಪುರದಿಂದ ಬರೋ ಒಬ್ಬ ಬಿಸಿಎ ಹುಡುಗಿ ಒಂದು ಪುಟ ಇಟ್ಟುಕೊಂಡು ಹಿಂಗ ಡೆಬಿಯನ್ ಹಾಕ್ಕೊಂಡಿದ್ಲು. ಪುಟ ಇಂಗ್ಲಿಷಿನದು, ಸ್ವಯಂಸೇವಕರು ನಡೆಸೋದು, ಒಟ್ಟಾರೆ ಒಳ್ಳೆಯದೇ. ಕಲಿಯೋ ಗಡಿಬಿಡಿಯಲ್ಲಿ ಒಳಗೆ ಏನೇನೋ ಹಾಕಿ ಜಾಗ ತುಂಬಿತ್ತು. ಒಳಗೆ ಎಸ್‌ಡಿಕಾರ್ಡ್ ಅಂತ ಒಂದು ಫೋಲ್ಡರ್ ಕಾಣ್ತು. ಅದರಲ್ಲಿ ಫೋಟೋ, ಆಡಿಯೋ ಎಲ್ಲ ಇದ್ದವು. ಆಕೆ ನನ್ನ ಕಡೆ ತಿರುಗಿ ಕೇಳಿದ್ಲು:

"ಅಕ್ಕಾರ, ಇದು ಒಳಗಿಂದ ಐತಲ್ಲ, ಕಾಪಿ ಇರಬೇಕು. ಇಲ್ಲಿ ಅಳಿಸಿದ್ರ ಹೊರಗಿಂದು ಹೋಗಂಗಿಲ್ಲ ಹೌದಿಲ್ಲೋ?"

"ಯಾರು ಹೇಳಿದ್ರವ್ವಾ ಹಂಗಂತ?"

"ಪುಟದಾಗ ಬರದಾರ್ರಿ. ಒಳಗ ಏನ್ ಮಾಡಿದ್ರೂ ಫೋನಿಗೆ ಏನೂ ಆಗಂಗಿಲ್ಲ, ಬೇರೆನ ಐತಿ ಅಂತ."

ಆ ವಾಕ್ಯ ನಿಜವಾಗಿಯೂ ಅಲ್ಲಿತ್ತು. ಬರೆದವರ ಉದ್ದೇಶ ಒಳ್ಳೆಯದೇ, ಹೊಸಬರು ಹೆದರಬಾರದು ಅಂತ. ಆದರೆ ವಿಷಯ ಹಂಗಿಲ್ಲ. ಟರ್ಮಕ್ಸ್‌ಗೆ ಸ್ಟೋರೇಜ್ ಅನುಮತಿ ಕೊಟ್ಟಿದ್ದರೆ, ನಾವು ಕ್ಲಾಸಿನಲ್ಲಿ ಬಳಸಿದ ಪ್ರೂಟ್-ಡಿಸ್ಟ್ರೋ ಆವೃತ್ತಿಗಳಲ್ಲಿ, ಲಾಗಿನ್ ಆದ ಕೂಡಲೇ ಫೋನಿನ ಸ್ಟೋರೇಜ್ ತಾನಾಗಿಯೇ ಒಳಗೂ ಕಾಣ್ತದೆ. ಅದು ಕಾಪಿ ಅಲ್ಲ, ಅದೇ. ಬೇಡ ಅಂದ್ರೆ ಲಾಗಿನ್ ಆಗುವಾಗ 'ಐಸೊಲೇಟೆಡ್' ಅನ್ನೋ ಆಯ್ಕೆ ಕೊಡಬೇಕು. ಒಳಗೆ ಅಳಿಸಿದ್ರೆ ಹೊರಗೂ ಹೋಯ್ತು, ರೀಸೈಕಲ್ ಬಿನ್ ಇಲ್ಲ, ಏನಿಲ್ಲ. ಆ ಹುಡುಗಿಯ ಫೋಲ್ಡರ್‌ನಲ್ಲಿ ಆಕೆಯ ತೀರಿಕೊಂಡ ಅಜ್ಜ ಶರೀಫಜ್ಜನ ತತ್ವಪದ ಹಾಡಿದ ರೆಕಾರ್ಡಿಂಗ್‌ಗಳಿದ್ದವು. ಶಿಶುನಾಳ ಇರೋದು ನಮ್ಮ ತಾಲೂಕಿನಲ್ಲೇ, ಮನೆಮನೆಯಲ್ಲಿ ಹಾಡೋರಿದ್ದಾರೆ. ಆ ಅಜ್ಜನ ದನಿ ಬೇರೆಲ್ಲೂ ಇರಲಿಲ್ಲ. ಗೂಗಲ್ ಡ್ರೈವ್‌ನಲ್ಲೂ ಇಲ್ಲ, ವಾಟ್ಸ್ಆ್ಯಪ್‌ನಲ್ಲೂ ಕಳಿಸಿರಲಿಲ್ಲ. ಆಕೆ ಎಂಟರ್ ಒತ್ತೋ ಮೊದಲು ಕೇಳಿದ್ಲು, ಅದಕ್ಕೇ ಉಳೀತು. ಕೇಳದೇ ಒತ್ತೋರು ಎಷ್ಟು ಜನ ಇರಬೇಕು ನೋಡ್ರಿ.

ಬಂಕಾಪುರದ ಕೋಟೆ ನೋಡೀರೇನು? ಹಳೇ ಕೋಟೆ, ಒಳಗೆ ನವಿಲುಧಾಮ. ಗೋಡೆ ಇದೆ, ಕಂದಕ ಇದೆ, ಆದರೆ ನವಿಲು ಬೇಕಾದಾಗ ಹಾರಿ ಹೊರಗಿನ ಹೊಲಕ್ಕೆ ಹೋಗ್ತದೆ, ವಾಪಸ್ ಬರ್ತದೆ. ಪ್ರೂಟ್‌ನ ಗೋಡೆಯೂ ಅಷ್ಟೇ. ವ್ಯವಸ್ಥೆಗೆ ಇರೋ ಗೋಡೆ ಅದು, ಭದ್ರತೆಗೆ ಅಲ್ಲ. ಇದನ್ನು ಆ ಹುಡುಗಿಗೆ ಹೇಳಿದಾಗ ಕೂಡಲೇ ತಿಳೀತು, ಊರಿನವಳೇ ಅಲ್ಲವೇ.

ಇಂಥ ಖೋಲಿಗಳ ಬಗ್ಗೆ ಬರೆಯೋ ಪುಟಗಳಿಗೆ ಬೇರೆ ಪುಟಗಳಿಗಿಲ್ಲದ ಒಂದು ತೊಂದರೆ ಇದೆ. ಎಕ್ಸೆಲ್ ಬಗ್ಗೆ ಬರೆದರೆ ಓದುವವ ಎಕ್ಸೆಲ್‌ನಲ್ಲೇ ಇರ್ತಾನೆ. ಇಲ್ಲಿ ಓದುವವ ಒಂದು ನಿಮಿಷ ಹೊರಗೆ, ಒಂದು ನಿಮಿಷ ಒಳಗೆ. ಎರಡೂ ಕಡೆ ಅದೇ ಕಪ್ಪು ಪರದೆ, ಅದೇ ಮಿನುಗೋ ಕರ್ಸರ್. 'ಈಗ ಈ ಕಮಾಂಡ್ ಕೊಡಿ' ಅಂತ ಪುಟ ಹೇಳ್ತದೆ. ಎಲ್ಲಿ ಕೊಡಬೇಕು? ಬರೆದವರಿಗೆ ಅದು ಎಷ್ಟು ಸಹಜ ಅಂದ್ರೆ ಹೇಳೋದೇ ಮರೀತಾರೆ. ಹೊರಗೆ ಕೊಡಬೇಕಾದ್ದನ್ನ ಒಳಗೆ ಕೊಟ್ಟರೆ 'ಕಮಾಂಡ್ ನಾಟ್ ಫೌಂಡ್' ಅಂತ ಬರ್ತದೆ, ಅದು ಪುಣ್ಯ. ಒಳಗೆ ಕೊಡಬೇಕಾದ್ದನ್ನ ಹೊರಗೆ ಕೊಟ್ಟು, ಅದು ನಡೆದೂ ಬಿಟ್ಟರೆ? ಲ್ಯಾಪ್‌ಟಾಪ್‌ನಲ್ಲಿ ಸಿಎಚ್‌ರೂಟ್ ಮಾಡಿ ಕೆಲಸ ಮಾಡೋರಿಗೆ ಈ ಅನುಭವ ಚೆನ್ನಾಗಿ ಗೊತ್ತು.

ಜೆಂಟೂ ಅಂತ ಒಂದು ಲಿನಕ್ಸ್ ಇದೆ. ಅದನ್ನು ಹಾಕೋದೇ ಸಿಎಚ್‌ರೂಟ್ ಒಳಗೆ ಹೋಗಿ. ಅದರ ಹ್ಯಾಂಡ್‌ಬುಕ್ ಕೂಡ ಸ್ವಯಂಸೇವಕರ ಕೆಲಸವೇ. ಅಲ್ಲಿ ಒಳಗೆ ಹೋದ ಕೂಡಲೇ ಒಂದು ಸಣ್ಣ ಕಮಾಂಡ್ ಕೊಡಿಸ್ತಾರೆ. ಅದರಿಂದ ನಿಮ್ಮ ಪ್ರಾಂಪ್ಟ್‌ನ ಮುಂದೆ ಕಂಸದಲ್ಲಿ 'ಸಿಎಚ್‌ರೂಟ್' ಅಂತ ಬರ್ತದೆ. ಇನ್ನು ಮುಂದೆ ಪ್ರತಿ ಸಾಲಿನಲ್ಲೂ 'ನೀನು ಒಳಗಿದ್ದೀ' ಅಂತ ಅದೇ ಹೇಳ್ತಿರ್ತದೆ. ಒಳಗಿನ ಕೆಲಸಕ್ಕೆ ಅದರಿಂದ ನಯಾಪೈಸೆ ಲಾಭ ಇಲ್ಲ, ಅದು ಓದುವವರಿಗಾಗಿ ಮಾತ್ರ ಮಾಡಿದ್ದು. ನನಗೆ ಇದು ಬಾಳ ಇಷ್ಟ. ನಮ್ಮ ಕ್ಲಾಸಿನ ಫೋನುಗಳಲ್ಲೂ ಇದನ್ನೇ ಮಾಡಿಕೊಂಡಿದ್ದೀವಿ. ಒಳಗೆ ಹೋದ್ರೆ ಪ್ರಾಂಪ್ಟ್‌ನಲ್ಲಿ ಕನ್ನಡದಲ್ಲೇ 'ಒಳಗ' ಅಂತ ಬರ್ತದೆ. ಕೆಲವು ಫೋನುಗಳಲ್ಲಿ ಒತ್ತಕ್ಷರ ಒಡೆದು ಕಾಣ್ತಾವೆ ಅಂತ ಬೇಕಂತಲೇ ಒತ್ತಕ್ಷರ ಇಲ್ಲದ ಪದ ಆರಿಸಿದೆವು.

ಇನ್ನೊಂದು ತೊಂದರೆ ವಯಸ್ಸಿನದು. ಟರ್ಮಕ್ಸ್‌ನದೇ ಉದಾಹರಣೆ ತಗೊಳ್ರಿ. ಒಂದು ಕಾಲಕ್ಕೆ ಪ್ಲೇ ಸ್ಟೋರ್‌ನಿಂದ ಹಾಕ್ಕೊಳ್ರಿ ಅಂತ ಎಲ್ಲರೂ ಬರೀತಿದ್ದರು. ಆಂಡ್ರಾಯ್ಡ್ 10ರ ಹೊತ್ತಿಗೆ ಗೂಗಲ್ ನಿಯಮ ಬದಲಾಯಿಸ್ತು. ಹೊಸ ಆವೃತ್ತಿಗಳಿಗೆ ಹೊಂದಿಸಿದ ಆ್ಯಪ್ ತಾನು ಇಳಿಸಿಕೊಂಡ ಪ್ರೋಗ್ರಾಮನ್ನ ತನ್ನ ಖೋಲಿಯಿಂದ ನೇರವಾಗಿ ಓಡಿಸಂಗಿಲ್ಲ. ಟರ್ಮಕ್ಸ್‌ನ ಇಡೀ ಬದುಕೇ ಅದು. ಹಂಗಾಗಿ 2020ರ ಕೊನೆಯಿಂದ ಪ್ಲೇ ಸ್ಟೋರ್ ಆವೃತ್ತಿಗೆ ಅಪ್‌ಡೇಟ್ ನಿಂತು, ಎಫ್-ಡ್ರಾಯ್ಡ್‌ನಿಂದ ತಗೊಳ್ರಿ ಅಂತ ಆಯ್ತು. ಅದರ ಬೆನ್ನಿಗೆ 2021ರ ಮೇ ತಿಂಗಳಲ್ಲಿ ಅವರು ಪ್ಯಾಕೇಜ್ ಇಡುತ್ತಿದ್ದ ಬಿಂಟ್ರೇ ಅನ್ನೋ ಸೇವೆಯೇ ಮುಚ್ಚಿತು. ಹಳೇ ಪುಟ, ಹಳೇ ವಿಡಿಯೊ ನೋಡಿಕೊಂಡು 'ಪಿಕೆಜಿ ಅಪ್‌ಡೇಟ್' ಅಂದವರಿಗೆ 404. ಪರಿಹಾರ ಒಂದೇ ಸಾಲು, 'ಟರ್ಮಕ್ಸ್-ಚೇಂಜ್-ರೆಪೊ' ಅಂತ ಕೊಟ್ಟು ಬೇರೆ ಮಿರರ್ ಆರಿಸೋದು. ಮತ್ತೆ 2024ರಲ್ಲಿ ಪ್ಲೇ ಸ್ಟೋರ್‌ಗೆ ಬೇರೆ ರೀತಿ ಕಟ್ಟಿದ ಒಂದು ಟರ್ಮಕ್ಸ್ ವಾಪಸ್ ಬಂತು. ಅದೂ ಎಫ್-ಡ್ರಾಯ್ಡ್‌ದೂ ಒಂದೇ ಅಲ್ಲ. ಈಗ ಪ್ಲೇ ಸ್ಟೋರ್‌ದು ಬೇಡ ಅಂದ ಪುಟವೂ ಇದೆ, ಬೇಕು ಅಂದ ಪುಟವೂ ಇದೆ, ಎರಡೂ ಅವು ಬರೆದ ದಿನಕ್ಕೆ ಸರಿ. ಮೇಲೆ ತಾರೀಖು ಇಲ್ಲ. ಓದೋ ಹುಡುಗ ಯಾವುದನ್ನ ನಂಬಬೇಕು?

ಆಂಡ್ರಾಯ್ಡ್ 12 ಬಂದಾಗ ಇನ್ನೊಂದು ಗ್ರಹಚಾರ. ಆ್ಯಪ್‌ಗಳು ಹುಟ್ಟಿಸೋ ಮರಿ ಪ್ರೋಗ್ರಾಮ್‌ಗಳು ಒಟ್ಟು 32ಕ್ಕಿಂತ ಜಾಸ್ತಿ ಆದರೆ ಆಂಡ್ರಾಯ್ಡ್ ತಾನೇ ಕೊಂದುಹಾಕ್ತದೆ. ಪರದೆ ಮೇಲೆ 'ಸಿಗ್ನಲ್ 9' ಅಂತ ಒಂದು ಸಾಲು, ಮುಗೀತು. ನಮ್ಮ ಹುಡುಗರು ಎಲ್ಲ ತೆಗೆದು ಎರಡೆರಡು ಸಲ ಹೊಸದಾಗಿ ಹಾಕಿದರು, ಡೇಟಾ ಸುಟ್ಟರು. ಕೆಲವು ಫೋನಿನ ಡೆವಲಪರ್ ಆಪ್ಷನ್‌ನಲ್ಲಿ ಅದನ್ನು ನಿಲ್ಲಿಸೋ ಗುಂಡಿ ಇದೆ ಅಂತ ಗೊತ್ತಿದ್ದರೆ ಎರಡು ನಿಮಿಷದ ಕೆಲಸ.

ನೀವು ಕೇಳಬಹುದು, ಈಗ ಎಐ ಇದೆಯಲ್ಲಾ, ಅದನ್ನೇ ಕೇಳಿದರಾಯ್ತು ಅಂತ. ಕೇಳ್ರಿ, ನಾವೂ ಕೇಳ್ತೀವಿ. ಆದರೆ ಅದು ಕಲಿತಿರೋದು ಇವೇ ಪುಟಗಳಿಂದ. ತಾರೀಖಿಲ್ಲದ ಹಳೇ ಪುಟ ಹತ್ತಿದ್ದು ಹೊಸದು ಒಂದಿದ್ದರೆ, ಹತ್ತರ ಮಾತೇ ಬಾಳ ಸಲ ಹೊರಗೆ ಬರ್ತದೆ, ಅದೂ ಬಾಳ ವಿನಯದಿಂದ. ಮೂಲ ಪುಟ ತಿದ್ದೋದು ಬಿಟ್ಟು ಅಡ್ಡದಾರಿ ಇದೆ ಅಂತ ನನಗನ್ನಿಸೋದಿಲ್ಲ.

ಸರಿ, ತಿದ್ದೋರು ಯಾರು? ಲಿನಕ್ಸ್‌ನಲ್ಲಿ 'ಮ್ಯಾನ್' ಅಂತ ಹೊಡೆದರೆ ಬರೋ ಕೈಪಿಡಿ ಪುಟಗಳಿದ್ದಾವಲ್ಲ, ಮ್ಯಾನ್ ಪೇಜಸ್, ಅವುಗಳ ಕಥೆ ಕೇಳ್ರಿ. 2004ರಿಂದ ಹತ್ತಾರು ವರ್ಷ ಮೈಕಲ್ ಕೆರಿಸ್ಕ್ ಅನ್ನೋರು ಆ ಯೋಜನೆ ನೋಡಿಕೊಂಡರು. ಡಾಕರ್‌ನ ಗೋಡೆಗೆ ಇಟ್ಟಿಗೆ ಅನ್ನಬಹುದಾದ ನೇಮ್‌ಸ್ಪೇಸ್‌ಗಳ ಬಗ್ಗೆ ಇರೋ ಅತ್ಯುತ್ತಮ ಪುಟಗಳು ಅವರ ಕೈಯಿಂದ ಬಂದವು. ಅವರ ನಂತರ ಅಲೆಹಾಂದ್ರೊ ಕೊಲೊಮಾರ್ ವಹಿಸಿಕೊಂಡರು. 2024ರ ಸೆಪ್ಟೆಂಬರ್‌ನಲ್ಲಿ ಅವರು, ನಾಲ್ಕು ವರ್ಷ ಸ್ವಂತ ಸಮಯದಲ್ಲಿ ಮಾಡಿದ್ದೀನಿ, ದುಡ್ಡಿಲ್ಲದೆ ಇನ್ನು ಆಗೋದಿಲ್ಲ ಅಂತ ಹೇಳಿ ಕೆಲಸ ನಿಲ್ಲಿಸಿದರು. ಪ್ರಪಂಚದ ಅರ್ಧ ಸರ್ವರ್‌ಗಳು ನಿಂತಿರೋ ವ್ಯವಸ್ಥೆಯ ಕೈಪಿಡಿ ಒಬ್ಬರ ಬಿಡುವಿನ ವೇಳೆಯ ಮೇಲೆ ನಿಂತಿತ್ತು! ಸುದ್ದಿ ಆದಮೇಲೆ ಪ್ರಾಯೋಜಕರು ಮುಂದೆ ಬಂದರು, ಕೆಲಸ ಮುಂದುವರೀತು. ನಮ್ಮ ಓಣಿ ಗುಡಿಯ ಪೂಜಾರಿ ಒಂದು ವಾರ ಊರಿಗೆ ಹೋದಾಗಲೇ ದೀಪಕ್ಕೆ ಎಣ್ಣಿ ಯಾರು ಹಾಕ್ತಿದ್ದರು ಅಂತ ಎಲ್ಲರಿಗೂ ನೆನಪಾಗೋದು, ಹಂಗ.

ಅದೇ ಮ್ಯಾನ್ ಪೇಜಸ್‌ನಲ್ಲಿ ಸಿಎಚ್‌ರೂಟ್ ಬಗ್ಗೆ ಇರೋ ಪುಟ ತೆಗೆದು ನೋಡ್ರಿ. ಇದನ್ನು ಭದ್ರತೆಯ ಉದ್ದೇಶಕ್ಕೆ ಮಾಡಿಲ್ಲ, ಇದರಿಂದ ಪ್ರೋಗ್ರಾಮನ್ನು ಪೂರ್ತಿ ಬಂಧಿಸಿಡೋಕಾಗಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ, ಹೊರಗೆ ತಪ್ಪಿಸಿಕೊಳ್ಳೋ ದಾರಿಯನ್ನೂ ಅಲ್ಲೇ ತೋರಿಸಿದ್ದಾರೆ. ತಮ್ಮ ಗೋಡೆ ಎಲ್ಲಿ ಸಡಿಲ ಅಂತ ತಾವೇ ಬರೆಯೋದು! ಒಳ್ಳೇ ಡಾಕ್ಯುಮೆಂಟೇಶನ್ ಅಂದ್ರೆ ನನ್ನ ಪ್ರಕಾರ ಅದು. ಏನು ಮಾಡ್ತದೆ ಅಂತ ಹೇಳೋದು ಜಾಹೀರಾತೂ ಮಾಡ್ತದೆ.

ಆ ಬಂಕಾಪುರದ ಹುಡುಗಿಗೆ ನಾನು ಹೇಳಿದೆ, ಆ ವಾಕ್ಯವನ್ನ ನೀನೇ ತಿದ್ದು. "ನಾನಾ? ನನಗೇನ್ ಬರತೈತ್ರಿ ಅಕ್ಕಾರ, ಅವರೆಲ್ಲಾ ದೊಡ್ಡೋರು" ಅಂದ್ಲು. ಇಲ್ಲೇ ನೋಡ್ರಿ ಇಡೀ ಗಂಟು ಇರೋದು. ಪುಟ ಬರೆದ ದೊಡ್ಡವರಿಗೆ ಆ ವಾಕ್ಯ ತಪ್ಪು ಅಂತ ಕಾಣೋದೇ ಇಲ್ಲ. ಅವರು ಎಂದೂ ಆ ಫೋಲ್ಡರ್ ನೋಡಿ ಕಾಪಿ ಅಂದುಕೊಳ್ಳೋದಿಲ್ಲ. ಹತ್ತು ವರ್ಷ ಅನುಭವ ಇರೋರಿಗೆ ಕಾಣದ್ದು ಹತ್ತು ದಿನದವಳಿಗೆ ಕಂಡಿತು. ಅದೂ ಈಗ ಮಾತ್ರ. ಇನ್ನು ಆರು ತಿಂಗಳು ಹೋದರೆ ಆಕೆಗೂ ಕಾಣೋದಿಲ್ಲ, ರೂಢಿಯಾಗಿಬಿಡ್ತದೆ.

ಆಕೆ ಫೋನಿನಲ್ಲೇ ಮಾಡಿದ್ಲು. ಇಂಥ ಬಹಳಷ್ಟು ಪುಟಗಳ ಮೂಲ ಗಿಟ್‌ಹಬ್‌ನಂಥ ಜಾಗದಲ್ಲಿ ಇರ್ತದೆ. ಪೆನ್ಸಿಲ್ ಗುರುತು ಒತ್ತಿದರೆ ತಿದ್ದೋಕೆ ಬರ್ತದೆ, ತಿದ್ದಿದ ಮೇಲೆ ಪುಲ್ ರಿಕ್ವೆಸ್ಟ್ ಕಳಿಸೋದು. ಅಂದ್ರೆ 'ನಾನು ಹಿಂಗ ಬದಲಾಯಿಸಿದ್ದೀನಿ, ನೋಡಿ ಒಪ್ಪಿಗೆಯಾದ್ರೆ ಸೇರಿಸಿಕೊಳ್ರಿ' ಅನ್ನೋ ಅರ್ಜಿ. ಆಕೆ ಮೊದಲು ಬರೆದದ್ದು ಆರು ಸಾಲಿನ ವಿವರಣೆ, ಕೊನೆಗೆ ಉಳಿದದ್ದು ಎರಡು ವಾಕ್ಯ. ಸ್ಟೋರೇಜ್ ಅನುಮತಿ ಕೊಟ್ಟಿದ್ದರೆ ಒಳಗೆ ಕಾಣೋ ಎಸ್‌ಡಿಕಾರ್ಡ್ ಫೋಲ್ಡರ್ ನಿಮ್ಮ ಫೋನಿನದೇ, ಅಲ್ಲಿ ಅಳಿಸಿದ್ದು ಫೋನಿನಿಂದಲೂ ಹೋಗುತ್ತದೆ. ಬೇಡವಾದರೆ ಲಾಗಿನ್ ಆಗುವಾಗ ಈ ಆಯ್ಕೆ ಕೊಡಿ. ಇಂಗ್ಲಿಷ್ ಸರಿ ಇದೆಯಾ ಅಂತ ನಾಲ್ಕು ಸಲ ಕೇಳಿದ್ಲು. ಆ ಕಡೆಯವರಿಗೆ ಇಂಗ್ಲಿಷ್ ಮುಖ್ಯ ಆಗಿರಲಿಲ್ಲ. ಯಾವ ಫೋನು, ಯಾವ ಆಂಡ್ರಾಯ್ಡ್, ಪ್ರೂಟ್-ಡಿಸ್ಟ್ರೋ ಆವೃತ್ತಿ ಯಾವುದು ಅಂತ ಕೇಳಿದರು. ಆಕೆ ಹೇಳಿದ್ಲು. ಹೆಚ್ಚುಕಡಿಮೆ ಮೂರು ವಾರ ಏನೂ ಸುದ್ದಿ ಇಲ್ಲ. ಆಕೆ ದಿನಾ ನೋಡೋದು, ಮುಖ ಸಣ್ಣ ಮಾಡೋದು. ನಾನು ಹೇಳ್ತಿದ್ದೆ, ಅವರೂ ನೌಕರಿ ಮುಗಿಸಿ ರಾತ್ರಿ ಕೂಡೋರು, ಅವರಿಗೂ ಮನಿ ಮಠ ಇರ್ತದೆ. ಆಮೇಲೆ ಒಂದು ದಿನ ಸೇರಿಸಿಕೊಂಡರು. ಆ ದಿನ ಚಹಾದ ಜೊತೆ ಸವಣೂರು ಖಾರವೂ ಬಂತು.

ಇದಾದ ಮೇಲೆ ನಮ್ಮ ಸಂಜೆಯ ಗುಂಪು ಒಂದು ಪದ್ಧತಿ ಮಾಡಿಕೊಂಡಿತು. ಒಂದು ಪುಟ ಆರಿಸೋದು. ಒಬ್ಬರು ಓದೋದು, ಇನ್ನೊಬ್ಬರು ಪುಟದಲ್ಲಿ ಇದ್ದದ್ದನ್ನ ಇದ್ದಂಗೇ ಮಾಡೋದು, ಸ್ವಂತ ಬುದ್ಧಿ ಒಂದಿಷ್ಟೂ ಬಳಸಬಾರದು. ಎಲ್ಲಿ 'ಇಲ್ಲಿ ಏನೋ ಬಿಟ್ಟಾರ' ಅನ್ನಿಸ್ತದೋ ಅಲ್ಲಿ ನಿಲ್ಲಿಸಿ ಬರೆದುಕೊಳ್ಳೋದು. ಈ ಕೆಲಸಕ್ಕೆ ಇಂಥ ಖೋಲಿಗಳಷ್ಟು ಅನುಕೂಲ ಬೇರೆ ಯಾವುದೂ ಇಲ್ಲ. ಕೆಟ್ಟರೆ 'ರಿಮೂವ್' ಅಂದು ಮತ್ತೆ ಮೊದಲಿನಿಂದ. ಎಕ್ಸೆಲ್ ಪುಟ ಪರೀಕ್ಷೆ ಮಾಡೋಕೆ ಇಡೀ ವಿಂಡೋಸ್ ಯಾರು ಹೊಸದಾಗಿ ಹಾಕ್ತಾರೆ? ಇಲ್ಲಿ ಹತ್ತು ಸಲ ಹೊಸಬರಾಗಬಹುದು. ಹೊಸದಾಗಿ ಹಾಕಿದಾಗಲೆಲ್ಲ ಮತ್ತೆ ಡೌನ್‌ಲೋಡ್ ಆಗಬಾರದು ಅಂದ್ರೆ ಮೊದಲೇ 'ಬ್ಯಾಕಪ್' ಕಮಾಂಡ್ ಕೊಟ್ಟು ಒಂದು ಫೈಲ್ ಇಟ್ಟುಕೊಳ್ರಿ, ಆಮೇಲೆ 'ರೀಸ್ಟೋರ್'. ಇದನ್ನು ಬಾಳ ಪುಟಗಳಲ್ಲಿ ಹೇಳೋದೇ ಇಲ್ಲ, ಯಾಕಂದ್ರೆ ಬರೆಯೋರ ಮನೆಯಲ್ಲಿ ವೈಫೈ ಇರ್ತದೆ. ಡೇಟಾ ಎಣಿಸಿ ಖರ್ಚು ಮಾಡೋ ನಮ್ಮಂಥವರೇ ಅದನ್ನ ಬರೀಬೇಕು.

ಹೊರಗೆ ಬರೋದು ಹೆಂಗ, ಪೂರ್ತಿ ತೆಗೆಯೋದು ಹೆಂಗ ಅನ್ನೋದನ್ನೂ ಬರೀರಿ. ಹತ್ತಿಸೋಕೆ ಎಲ್ಲ ಪುಟದಲ್ಲೂ ಏಣಿ ಇದೆ, ಇಳಿಸೋಕೆ ಇಲ್ಲ. ರೂಟ್ ಮಾಡಿದ ಫೋನಿನಲ್ಲಿ ಸಿಎಚ್‌ರೂಟ್ ಬಳಸೋರಿಗಂತೂ ಇದು ಜೀವಾಳ. ಅಲ್ಲಿ ಸ್ಟೋರೇಜ್ ನಿಜವಾಗಿಯೂ ಒಳಗೆ ಮೌಂಟ್ ಆಗಿರ್ತದೆ, ಮೊದಲು ಅನ್‌ಮೌಂಟ್ ಮಾಡದೆ ಹೊರಗಿನಿಂದ ಫೋಲ್ಡರ್ ಅಳಿಸಿದರೆ ಫೋಟೋಗಳೂ ಹೋದವು. ಎರಡು ಸಾಲಿನ ಅನುಕ್ರಮ, ಹಿಂದುಮುಂದಾದರೆ ಮನೆಹಾಳು.

ಕನ್ನಡದಲ್ಲಿ ಬರೀಬೇಕಾ ಅಂತ ಹುಡುಗರು ಕೇಳ್ತಾರೆ. ಬರೀಬೇಕು. ನಾವೇನೂ ಮೊದಲನೆಯವರಲ್ಲ. ಯು. ಬಿ. ಪವನಜ ಅವರು 1996ರಲ್ಲೇ ವಿಶ್ವಕನ್ನಡ ಅನ್ನೋ ಕನ್ನಡದ ಮೊದಲ ಇಂಟರ್‌ನೆಟ್ ಪತ್ರಿಕೆ ಮಾಡಿದರು. ಓಂಶಿವಪ್ರಕಾಶ್ ಅವರು ಲಿನಕ್ಸಾಯಣ ಅಂತ ಹೆಸರಿಟ್ಟು ಲಿನಕ್ಸ್ ಬಗ್ಗೆ ಕನ್ನಡದಲ್ಲಿ ಬರೆದರು. ಕನ್ನಡ ವಿಕಿಪೀಡಿಯ 2003ರಿಂದ ನಡೀತಾ ಇದೆ, ಎಲ್ಲ ಸ್ವಯಂಸೇವಕರ ಬೆವರು. ಆದರೆ ನನ್ನದೊಂದು ಹಟ ಇದೆ. ಇಡೀ ಕೈಪಿಡಿ ಅನುವಾದ ಮಾಡಬ್ಯಾಡ್ರಿ. ನೂರು ಪುಟ ಉತ್ಸಾಹದಿಂದ ಕನ್ನಡ ಮಾಡಿ ಬಿಟ್ಟರೆ, ಮೂಲ ಬದಲಾದಾಗ ನಮ್ಮದು ಹಳಸ್ತದೆ, ಹಳಸಿದ ಕನ್ನಡ ಪುಟ ಇಲ್ಲದ ಪುಟಕ್ಕಿಂತ ಕೆಟ್ಟದ್ದು. ಮೊದಲು ಎಚ್ಚರಿಕೆಗಳನ್ನ ಮಾತ್ರ ಕನ್ನಡಕ್ಕೆ ತರ್ರಿ. ಕಮಾಂಡ್ ಹೆಂಗೂ ಇಂಗ್ಲಿಷಿನಲ್ಲೇ ಹೊಡೀಬೇಕು, ಅದರ ಅರ್ಥ ತಿಳಿಯದಿದ್ದರೂ ನಕಲು ಮಾಡಬಹುದು. 'ಇದನ್ನು ಮಾಡಿದರೆ ಫೋಟೋ ಹೋಗ್ತಾವೆ' ಅನ್ನೋದು ಮಾತ್ರ ತಾಯಿನುಡಿಯಲ್ಲಿ ಓದಿದಾಗಲೇ ಎದೆಗೆ ತಟ್ಟೋದು.

ಪದಗಳ ಜಗಳವೂ ಇದೆ. ಹೋಸ್ಟ್, ಗೆಸ್ಟ್ ಅಂತ ಇಂಗ್ಲಿಷಿನಲ್ಲಿ ಅಂತಾರೆ. ಆತಿಥೇಯ ವ್ಯವಸ್ಥೆ, ಅತಿಥಿ ವ್ಯವಸ್ಥೆ ಅಂತ ಒಬ್ಬ ಹುಡುಗ ಬರೆದು ತಂದ. ಓದಿದವರಿಗೆ ಮದುವೆ ಮನೆ ನೆನಪಾಯ್ತು. ಕೊನೆಗೆ 'ಹೊರಗ', 'ಒಳಗ' ಅಂತ ಇಟ್ಟೆವು. ಕಂಟೇನರ್‌ಗೆ ಕಂಟೇನರ್ ಅಂತಲೇ. ನಮ್ಮ ರಾಷ್ಟ್ರೀಯ ಹೆದ್ದಾರಿಯ ಮೇಲೆ ಹುಬ್ಬಳ್ಳಿ ಕಡೆ, ಹಾವೇರಿ ಕಡೆ ದಿನಾ ನೂರಾರು ಕಂಟೇನರ್ ಲಾರಿ ಹೋಗ್ತಾವೆ, ಆ ಪದ ಯಾರಿಗೂ ಹೊಸದಲ್ಲ.

ಈಗ ನಮ್ಮ ಗುಂಪಿನ ಕನ್ನಡ ಪುಟದಲ್ಲಿ ಹನ್ನೊಂದು ಎಚ್ಚರಿಕೆಗಳಿವೆ. ಒಂದೊಂದರ ಕೆಳಗೂ ಯಾವ ಫೋನಿನಲ್ಲಿ, ಯಾವ ತಾರೀಖಿಗೆ ಮಾಡಿ ನೋಡಿದ್ದು ಅಂತ ಬರೆದಿದೆ. ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಿ ನೋಡ್ತೀವಿ, ನಡೆಯದ್ದನ್ನ ತೆಗೀತೀವಿ. ಹೋದ ಸಲ ಎರಡು ತೆಗೆದೆವು, ಒಂದು ಹೊಸದು ಬಂತು. ಹನ್ನೆರಡನೆಯದರ ಜಾಗ ಖಾಲಿ ಇದೆ. 2025ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ಟರ್ಮಿನಲ್ ಅನ್ನೋ ಆ್ಯಪ್ ಕೊಟ್ಟಿತು. ಅದು ನಾಟಕದ ರಾಜ ಅಲ್ಲ, ನಿಜವಾಗಿಯೂ ಬೇರೆ ವರ್ಚುವಲ್ ಯಂತ್ರದಲ್ಲಿ ಡೆಬಿಯನ್ ನಡೆಸ್ತದೆ. ಗೋಡೆ ಬೇರೆ ಥರದ್ದು, ಹಂಗಾಗಿ ಎಚ್ಚರಿಕೆಯೂ ಬೇರೆಯೇ ಇರಬೇಕು. ಫೋನಿನ ಯಾವ ಫೋಲ್ಡರ್ ಅದರೊಳಗೆ ಕಾಣ್ತದೆ, ಅಲ್ಲಿ ಅಳಿಸಿದರೆ ಏನಾಗ್ತದೆ ಅನ್ನೋದನ್ನ ಮಾಡಿ ನೋಡದೆ ನಾವು ಬರೆಯೋದಿಲ್ಲ. ನಮ್ಮ ಕ್ಲಾಸಿನಲ್ಲಿ ಆ ಫೋನು ಯಾರ ಹತ್ತಿರವೂ ಇಲ್ಲ. ಕೇಳ್ತಿರೋ ನಿಮ್ಮಲ್ಲಿ ಯಾರ ಹತ್ತಿರ ಇದೆಯೋ ಅವರು ಮೊದಲು ಫೋಟೋಗಳ ಬ್ಯಾಕಪ್ ತಗೊಂಡು, ಬೇಡದ ಒಂದು ಫೈಲ್ ಇಟ್ಟು, ಒಳಗಿನಿಂದ ಅಳಿಸಿ ನೋಡ್ರಿ. ಏನಾಯ್ತು ಅನ್ನೋದನ್ನ ಫೋನಿನ ಹೆಸರು, ಆಂಡ್ರಾಯ್ಡ್ ಆವೃತ್ತಿ, ತಾರೀಖು ಹಾಕಿ ಬರೆದಿಡ್ರಿ.

ಬರ್ತೀನಿ. ಹುಡುಗರು ಬರೋ ಹೊತ್ತಾಯ್ತು. ನಮಸ್ಕಾರ.